ಬಾಗಿಲು ಕೆರೆಯುವ ಬಂಟಿ

ನಮ್ಮ ಮನೆಯಲ್ಲಿ ಕಳ್ಳರು ಹೊತ್ತೊಯ್ಯಬಹುದಾದ ವಸ್ತುಗಳು ಕಡಿಮೆ. ಎರಡು ಕಪಾಟು ಪುಸ್ತಕ, ಒಂದು ಹಳೆಯ ಟೀವಿ, ಹೆಂಡತಿಯ ಹೊಲಿಗೆ ಯಂತ್ರ. ಆದರೆ ಹೊತ್ತೊಯ್ಯಲಾಗದ ಒಂದು ವಸ್ತುವಿದೆ, ಅದಕ್ಕೆ ಬೆಲೆ ಕಟ್ಟುವುದೂ ಕಷ್ಟ. ಅದು ಅಮ್ಮಿಯ ಕೋಣೆಯ ಬಾಗಿಲು. ತೇಗದ ಎರಡು ಕದ, ಒಂದೊಂದರಲ್ಲೂ ಮೂರು ಮೂರು ಚೌಕ, ಮೇಲಿನ ಪಟ್ಟಿಯಲ್ಲಿ ಬಳ್ಳಿಯ ಕೆತ್ತನೆ, ಹಿತ್ತಾಳೆಯ ಚಿಲಕ. ಅದರ ಮೇಲೆ ಪದರ ಪದರವಾಗಿ ಬಳಿದ ಹಸಿರು ಬಣ್ಣ. ದೊಡ್ಡೇರಿಯಂಥ ಊರಿನ ಹತ್ತು ಚದರದ ಮನೆಗೆ ಅಂಥ ಬಾಗಿಲು ಹೊಂದುವುದಿಲ್ಲ. ಬಂದವರೆಲ್ಲ ‘ಇದು ಎಲ್ಲಿಂದ ಬಂತು ಮೇಷ್ಟ್ರೇ?’ ಎಂದು ಕೇಳುತ್ತಾರೆ.

ಅದು ಬಂದದ್ದು ಶಿರಾದಿಂದ. ಅಮ್ಮಿಯ ತವರುಮನೆಯದು. 1991ರಲ್ಲಿ ಆ ಹಳೆಯ ಮನೆಯನ್ನು ಕೆಡವಿ ಇಬ್ಬರು ಮಾಮೂಗಳು ನಿವೇಶನವನ್ನು ಹಂಚಿಕೊಂಡರು. ಶರೀಅತ್ತಿನ ಲೆಕ್ಕದಲ್ಲಿ ಐದು ಪಾಲು ಮಾಡಿ ಅವರಿಗೆ ಎರಡೆರಡು, ಅಮ್ಮಿಗೆ ಒಂದು ಬರಬೇಕಿತ್ತು. ಬರಲಿಲ್ಲ. ಅಮ್ಮಿ ಹಕ್ಕು ಖುಲಾಸೆ ಪತ್ರಕ್ಕೆ ಉರ್ದುವಿನಲ್ಲಿ ರುಜು ಹಾಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ನನಗಾಗ ಹನ್ನೆರಡು. ‘ನಿನಗೇನು ಬೇಕು ಆಪಾ?’ ಎಂದು ಸಣ್ಣ ಮಾಮೂ ಕೇಳಿದಾಗ ಅಮ್ಮಿ ಒಳಕೋಣೆಯ ಬಾಗಿಲು ತೋರಿಸಿದಳು. ಚೌಕಟ್ಟು ಸಮೇತ ಅದು ಟ್ರ್ಯಾಕ್ಟರಿನಲ್ಲಿ ನಮ್ಮ ಮನೆಗೆ ಬಂತು. ಅಬ್ಬಾ ಗೋಡೆ ಒಡೆಸಿ ಅದನ್ನು ಕೂರಿಸಿದರು. ಆ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಅವರು ಆಡದೆ ಉಳಿಸಿದ ಮಾತುಗಳಲ್ಲಿ ಅದೇ ದೊಡ್ಡದಿರಬೇಕು.

ಈ ಬಾಗಿಲನ್ನೇ ನಮ್ಮ ನಾಯಿ ಕೆರೆದು ಹಾಕಿತು.

ನಾಯಿಯನ್ನು ತಂದವಳು ನನ್ನ ಮಗಳು. ಸಂತೆಮಾಳದ ತಿಪ್ಪೆಯಲ್ಲಿ ಸಿಕ್ಕ ಊರನಾಯಿ ಮರಿ, ಕಂದು ಮೈ, ಎದೆಯ ಮೇಲೆ ಒಂದು ಬಿಳಿ ಮಚ್ಚೆ. ಗುಹೆಯಲ್ಲಿ ಮಲಗಿದ್ದ ಅಸ್ಹಾಬೆ ಕಹಫ್‌ರ ನಾಯಿಗೆ ಪರಂಪರೆ ಕೊಟ್ಟ ಕಿತ್ಮೀರ್ ಎಂಬ ಹೆಸರನ್ನು ನಾನು ಸೂಚಿಸಿದೆ. ‘ಚಪ್ಪಲಿ ಕದಿಯುವ ಈ ಕಳ್ಳನಿಗೆ ಆ ಹೆಸರಾ? ನಕ್ಕೋ’ ಎಂದಳು ಅಮ್ಮಿ. ಮಗಳು ಬಂಟಿ ಎಂದು ಕರೆದಳು, ಅದೇ ನಿಂತಿತು. ನಾಯಿ ಅಂಗಳದಲ್ಲಿರಬೇಕು, ಹೊಸ್ತಿಲು ದಾಟಕೂಡದು ಎಂಬ ಕರಾರಿನ ಮೇಲೆ ಅಮ್ಮಿ ಒಪ್ಪಿದ್ದಳು. ನಾಯಿಯಿರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂಬುದು ಅವಳು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ಬಂಟಿ ಎರಡು ವರ್ಷ ಆ ಕರಾರಿಗೆ ತಪ್ಪಲಿಲ್ಲ. ರಾತ್ರಿ ಅದು ಅಮ್ಮಿಯ ಕೋಣೆಯ ಕಿಟಕಿಯ ಕೆಳಗೆ ಮಲಗುತ್ತಿತ್ತು. ಏಕೆಂದರೆ ಆ ಕೋಣೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಮಗಳು ಮಲಗುತ್ತಿದ್ದಳು.

ಎರಡು ಸಂಗತಿಗಳು ಒಂದೇ ತಿಂಗಳಲ್ಲಿ ನಡೆದವು. ಮಗಳು ಓದಲು ತುಮಕೂರಿನ ಹಾಸ್ಟೆಲಿಗೆ ಹೋದಳು. ಅವಳು ಹೋದ ಎರಡನೇ ವಾರ ಪಕ್ಕದ ಬೀದಿಯಲ್ಲಿ ಜಗಲಿಗೆ ಕಟ್ಟಿದ್ದ ನಾಯಿಯನ್ನು ಚಿರತೆ ಹೊತ್ತೊಯ್ದಿತು. ನಮ್ಮ ಕಡೆಯ ಬೆಟ್ಟಗುಡ್ಡಗಳ ಊರುಗಳಲ್ಲಿ ಇದು ಹೊಸ ಸುದ್ದಿಯಲ್ಲ. ಊರಿನೊಳಗೆ ಬರುವ ಚಿರತೆಗೆ ನಾಯಿಯೇ ಸುಲಭದ ತುತ್ತು, ಅದರಲ್ಲೂ ಕಟ್ಟಿಹಾಕಿದ ನಾಯಿ. ಫೋನಿನಲ್ಲಿ ಮಗಳು ಅತ್ತಳು. ಅಮ್ಮಿ ಒಂದು ಗಳಿಗೆ ಸುಮ್ಮನಿದ್ದು, ‘ರಾತ್ರಿ ಮಾತ್ರ ಪಡಸಾಲೆಯಲ್ಲಿ ಇರಲಿ, ಕೋಣೆಗಳ ಬಾಗಿಲು ಹಾಕಿಕೊಳ್ಳೋಣ’ ಎಂದಳು.

ಕೆರೆತ ಶುರುವಾದದ್ದು ಆ ರಾತ್ರಿಯೇ. ಇಶಾ ನಮಾಜು ಮುಗಿಸಿ ಅಮ್ಮಿ ಚಿಲಕ ಹಾಕಿದ ಹತ್ತು ನಿಮಿಷಕ್ಕೆ ಕರ್ರ್ ಕರ್ರ್ ಎಂಬ ಸದ್ದು. ಮನೆಯಲ್ಲಿ ಇನ್ನೂ ಮೂರು ಬಾಗಿಲುಗಳಿದ್ದವು. ಅವು ಅಂಗಡಿಯ ಪ್ಲೈವುಡ್ ಬಾಗಿಲುಗಳು, ಕೆರೆದಿದ್ದರೆ ಯಾರೂ ಅಳುತ್ತಿರಲಿಲ್ಲ. ಅವನ್ನು ಅದು ಮೂಸಿಯೂ ನೋಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಡಗಡೆಯ ಕದದ ಕೆಳಚೌಕದಲ್ಲಿ ಹಸಿರು ಬಣ್ಣ ಎದ್ದು ಬಂದು ಒಳಗಿನ ಮರ ಕಾಣುತ್ತಿತ್ತು. ಒಂದು ವಾರದಲ್ಲಿ ಗೀರುಗಳು ಮೂರಡಿ ಎತ್ತರಕ್ಕೆ ಏರಿದವು. ಅದು ಹಿಂಗಾಲ ಮೇಲೆ ನಿಂತು ಕೆರೆಯುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನೆಲ್ಲ ನಾಚಿಕೆಯಿಂದಲೇ ಹೇಳಬೇಕು. ಮೊದಲು ಬೈದೆ. ಬೆಳಿಗ್ಗೆ ಅದನ್ನು ಬಾಗಿಲ ಬಳಿಗೆ ಎಳೆದು ತಂದು ಗೀರು ತೋರಿಸಿ ಬೈದೆ. ಅದು ಕಿವಿ ಮಡಿಸಿ, ಬಾಲ ಕಾಲುಗಳ ನಡುವೆ ಸೇರಿಸಿ, ಕಣ್ಣು ತಪ್ಪಿಸಿತು. ‘ನೋಡಿ, ತಪ್ಪು ಗೊತ್ತಾಗಿದೆ’ ಎಂದು ಹೆಂಡತಿಗೆ ಹೇಳಿದೆ. ನಂತರ ಬೇವಿನೆಣ್ಣೆ ಬಳಿದೆ. ಎರಡು ದಿನ ಇಡೀ ಪಡಸಾಲೆ ಕಹಿ ನಾತ ಹೊಡೆಯಿತು, ಮೂರನೇ ದಿನ ಕೆರೆತ ಮುಂದುವರಿಯಿತು. ಮೆಣಸಿನಪುಡಿ ಹಾಕೋಣ ಎಂದು ಯಾರೋ ಹೇಳಿದರು. ಅದನ್ನು ಮಾತ್ರ ಹೆಂಡತಿ ತಡೆದಳು, ಕಾಲಿನಿಂದ ಅದು ಕಣ್ಣಿಗೆ ಹೋಗುತ್ತದೆ ಎಂದು.

ಕೊನೆಗೆ ತಗಡು. ಮಧುಗಿರಿಯಿಂದ ತೆಳ್ಳಗಿನ ಜಿಂಕ್ ತಗಡು ಕತ್ತರಿಸಿ ತಂದು, ಬಾಗಿಲಿಗೆ ಮೊಳೆ ಹೊಡೆಯಲು ಅಮ್ಮಿ ಬಿಡಲಿಲ್ಲವಾಗಿ, ಹಗ್ಗದಿಂದ ಚಿಲಕಕ್ಕೆ ಬಿಗಿದೆ. ಅಂಚು ಮಡಿಸಬೇಕೆಂದು ನನಗೆ ತೋಚಲಿಲ್ಲ. ಆ ರಾತ್ರಿ ಬಂಟಿ ಒಮ್ಮೆ ಕೆರೆಯಿತು, ತಗಡು ಗುಡುಗಿನಂತೆ ಸದ್ದು ಮಾಡಿತು, ಆ ಸದ್ದಿಗೆ ಇನ್ನಷ್ಟು ಹೆದರಿ ಹುಚ್ಚೆದ್ದಂತೆ ಕೆರೆಯಿತು. ಹೆದರಿದ ನಾಯಿಗೆ ಗುಡುಗು ಕಟ್ಟಿಕೊಟ್ಟಂತಾಗಿತ್ತು. ನಾವು ದೀಪ ಹಾಕುವ ಹೊತ್ತಿಗೆ ಬಲಗಾಲಿನ ಒಂದು ಉಗುರು ಬುಡದಿಂದ ಕಿತ್ತು ಹೊಸ್ತಿಲ ಮೇಲೆಲ್ಲ ರಕ್ತವಾಗಿತ್ತು. ಅಮ್ಮಿ ಬಾಗಿಲು ತೆರೆದು ನಿಂತಳು. ಅವಳು ಬಾಗಿಲನ್ನು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡಿದ್ದು ನಾಯಿಯ ಮೈಯನ್ನು. ಅದು ಗಡಗಡ ನಡುಗುತ್ತಿತ್ತು, ಜೊಲ್ಲು ಸುರಿದು ಎದೆ ನೆನೆದಿತ್ತು.

‘ಉನೋ ಡರ್‌ರಾ ರೇ, ಶರಾರತ್ ನೈ’ ಎಂದಳು. ಅದಕ್ಕೆ ಹೆದರಿಕೆ ಕಣೋ, ತುಂಟತನ ಅಲ್ಲ.

ಮಾರನೆಯ ದಿನ ಉಗುರು ತೋರಿಸಲು ಪಶುವೈದ್ಯರ ಬಳಿಗೆ ಹೋದಾಗ ಅವರು ಹೇಳಿದ್ದೂ ಅದನ್ನೇ, ಇನ್ನೊಂದು ಭಾಷೆಯಲ್ಲಿ. ‘ಮೇಷ್ಟ್ರೇ, ನೀವು ಬಾಗಿಲಿಗೆ ಔಷಧಿ ಮಾಡ್ತಿದ್ದೀರಿ. ಕಾಯಿಲೆ ಇರೋದು ನಾಯಿಗೆ.’ ಯಾರನ್ನು ಹಚ್ಚಿಕೊಂಡಿದೆಯೋ ಅವರು ಕಾಣದಾದಾಗ ಕೆಲವು ನಾಯಿಗಳಿಗೆ ಆತಂಕ ಉಕ್ಕುತ್ತದೆ. ಬಾಗಿಲು ಮುಚ್ಚಿದ ಮೊದಲ ಅರ್ಧ ಗಂಟೆಯಲ್ಲೇ ಅದರ ಜೋರು ಹೆಚ್ಚು. ಏದುಸಿರು, ಜೊಲ್ಲು, ಊಳು, ಮತ್ತು ಆ ವ್ಯಕ್ತಿ ಯಾವ ಬಾಗಿಲ ಹಿಂದೆ ಮರೆಯಾದರೋ ಅದೇ ಬಾಗಿಲನ್ನು ಕೆರೆಯುವುದು. ಮೂತ್ರಕ್ಕೆ ಅವಸರವಾದ ನಾಯಿ ಕೆರೆಯುವುದು ಬೇರೆ, ಪಟಾಕಿಗೆ ಹೆದರಿದ ನಾಯಿ ಕೆರೆಯುವುದು ಬೇರೆ, ಆಟಕ್ಕೆ ಕೆರೆಯುವ ಮರಿಯದು ಇನ್ನೂ ಬೇರೆ. ಯಾವುದೆಂದು ತಿಳಿಯಲು ಫೋನನ್ನು ಒಂದು ಮೂಲೆಯಲ್ಲಿಟ್ಟು ಚಿತ್ರೀಕರಿಸಿ ನೋಡಿ ಎಂದರು. ನಾವು ನೋಡಿದೆವು. ಅದನ್ನು ನೋಡಿದ ಮೇಲೆ ನನಗೆ ಬೈಯುವ ಧೈರ್ಯ ಉಳಿಯಲಿಲ್ಲ. ಅಮ್ಮಿ ಗೋಡೆಯ ಮೊಳೆಯಿಂದ ತಸ್ಬೀಹ್ ತೆಗೆದುಕೊಳ್ಳುವ ಸದ್ದಿಗೇ ಬಂಟಿಗೆ ಏದುಸಿರು ಶುರುವಾಗುತ್ತಿತ್ತು. ತಸ್ಬೀಹ್ ತೆಗೆದರೆ ಮುಂದಿನದು ಚಿಲಕ ಎಂದು ಅದು ಲೆಕ್ಕ ಇಟ್ಟುಕೊಂಡಿತ್ತು.

‘ತಪ್ಪು ಗೊತ್ತಾಗಿದೆ’ ಎಂದು ನಾನು ಹೇಳಿದ್ದೂ ಸುಳ್ಳೇ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ನಾಯಿಯ ಆ ಅಪರಾಧಿ ಮುಖ ಅದು ತಪ್ಪು ಮಾಡಿತ್ತೇ ಇಲ್ಲವೇ ಎಂಬುದನ್ನು ಅವಲಂಬಿಸಿರಲಿಲ್ಲ, ಒಡೆಯ ಬೈದನೇ ಇಲ್ಲವೇ ಎಂಬುದನ್ನು ಅವಲಂಬಿಸಿತ್ತು. ತಪ್ಪೇ ಮಾಡದ ನಾಯಿಯೂ ಬೈದರೆ ಅದೇ ಮುಖ ಮಾಡಿತು. ಇಪ್ಪತ್ತು ವರ್ಷ ತರಗತಿಯಲ್ಲಿ ಮಕ್ಕಳ ಮುಖ ನೋಡಿ ತೀರ್ಪು ಕೊಟ್ಟ ನನಗೆ ಇದನ್ನು ಓದಿದಾಗ ನಾಯಿಗಿಂತ ಬೇರೆ ಕೆಲವರು ನೆನಪಾದರು.

ಇದಕ್ಕೆ ಮಾತ್ರೆಗಳೂ ಇವೆ. ಅಮೆರಿಕದಲ್ಲಿ ನಾಯಿಗಳ ಈ ಕಾಯಿಲೆಗೆಂದೇ ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲುಯೊಕ್ಸೆಟಿನ್‌ಗೆ 2007ರಲ್ಲಿ ಅನುಮತಿ ಸಿಕ್ಕಿತು. ಎರಡೂ ಮನುಷ್ಯರ ಖಿನ್ನತೆಗೆ ಕೊಡುವ ಔಷಧಿಗಳೇ. ಆದರೆ ಅಭ್ಯಾಸ ಮಾಡಿಸದೆ ಬರೀ ಮಾತ್ರೆ ನುಂಗಿಸಿದರೆ ಸಾಲದು, ಮೊದಲು ಅಭ್ಯಾಸ ಮಾಡಿ ನೋಡಿ ಎಂದರು ವೈದ್ಯರು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಹಳೆಯ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಾಯಿ ಕೆರೆದು ಉದುರಿಸಿದ ಚಕ್ಕೆಯನ್ನು ಕಾಲಿನಿಂದ ನೆಕ್ಕಿಕೊಳ್ಳುತ್ತದೆ. ನಾವು ಒಣ ಬಾಗಿಲನ್ನು ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳನ್ನು ನಾವೇ ಉಸಿರಾಡುತ್ತೇವೆ. ಒದ್ದೆ ಮಾಡಿ ಉಜ್ಜಬೇಕು, ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಬೇಕು. ಬಂಟಿಯ ಉಳಿದ ಉಗುರುಗಳನ್ನೂ ಅವರೇ ಕತ್ತರಿಸಿದರು. ಕಲ್ಲುಮಣ್ಣಿನಲ್ಲಿ ಓಡಾಡುವ ನಾಯಿಯ ಉಗುರು ತಾನೇ ಸವೆಯುತ್ತದೆ, ಮನೆಯ ನುಣುಪು ನೆಲದ ಮೇಲಿರುವ ನಾಯಿಯದು ಬೆಳೆಯುತ್ತದೆ. ಉಗುರಿನೊಳಗೆ ರಕ್ತನಾಳವಿದೆ, ತುದಿ ಮಾತ್ರ ತೆಗೆಯಬೇಕು.

ಇತ್ತ ಅಮ್ಮಿಗೆ ಇನ್ನೊಂದು ಚಿಂತೆ. ರಕ್ತ, ಜೊಲ್ಲು ಬಿದ್ದ ಹೊಸ್ತಿಲು ಪಾಕ್ ಆಗುವುದು ಹೇಗೆ? ನಮ್ಮ ಮಸೀದಿಯ ಹಜ್ರತ್ ಸಮಾಧಾನವಾಗಿ ವಿವರಿಸಿದರು. ನಮ್ಮ ಹನಫಿ ಮತದಲ್ಲಿ ನಾಯಿಯ ಒಣ ಮೈ ತಾಗಿದರೆ ನಜೀಸ್ ಆಗದು, ಅದರ ಜೊಲ್ಲು ನಜೀಸ್, ಸುರಿದ ರಕ್ತವೂ ನಜೀಸ್, ತೊಳೆದರೆ ಹೋಗುತ್ತದೆ. ಮನೆ, ಹೊಲ, ಕುರಿ ಕಾಯಲು ನಾಯಿ ಸಾಕುವುದಕ್ಕೆ ಅಡ್ಡಿಯಿಲ್ಲ. ಕರಾವಳಿಯ ಓದುಗರು ಇಲ್ಲಿ ಹುಬ್ಬೇರಿಸಬಹುದು. ಅವರು ಪಾಲಿಸುವ ಶಾಫಿಈ ಮತದಲ್ಲಿ ನಾಯಿಯ ಮೈಯೆಲ್ಲ ನಜೀಸ್, ಒದ್ದೆಯಾಗಿ ತಾಗಿದರೆ ಏಳು ಸಲ ತೊಳೆಯಬೇಕು, ಒಂದು ಸಲ ಮಣ್ಣು ಹಾಕಿ. ಮಾಲಿಕಿಗಳನ್ನು ಕೇಳಿದರೆ ನಾಯಿ ಪಾಕ್ ಎನ್ನುತ್ತಾರೆ. ಒಂದೇ ನಾಯಿ, ಮೂರು ಇಮಾಮರು. ನಮ್ಮ ಹಿರಿಯರು ಇಷ್ಟೊಂದು ಭಿನ್ನಾಭಿಪ್ರಾಯವನ್ನು ಒಂದೇ ಮಸೀದಿಯೊಳಗೆ ಇಟ್ಟುಕೊಂಡು ಬಾಳಿದ್ದರು ಎಂಬುದು ನನಗೆ ಆಗಾಗ ನೆನಪಾಗುತ್ತದೆ.

ಅಮ್ಮಿ ಶುಕ್ರವಾರ ತಪ್ಪದೆ ಸೂರಾ ಕಹಫ್ ಓದುತ್ತಾಳೆ. ಆ ವಾರ ಓದಿ ಮುಗಿಸಿ ನನ್ನನ್ನು ಕರೆದು, ‘ವಸೀದ್ ಅಂದರೆ ಏನು?’ ಎಂದು ಕೇಳಿದಳು. ಅಲ್ಲಿ ಗುಹೆಯ ಜೊತೆಗಾರರ ನಾಯಿ ಮುಂಗಾಲುಗಳನ್ನು ಚಾಚಿ ಮಲಗಿರುವ ಜಾಗಕ್ಕೆ ಆ ಪದವಿದೆ. ಉರ್ದು ತರ್ಜುಮೆ ತೆಗೆದು ತೋರಿಸಿದೆ, ಚೌಖಟ್ ಎಂದಿತ್ತು. ನಮ್ಮ ಆಚಾರ್ರು ಚೌಕಟ್ಟು ಎನ್ನುತ್ತಾರಲ್ಲ, ಆ ಮಾತಿನ ಬಳಗದ್ದೇ. ಒಳಗೂ ಅಲ್ಲ, ಹೊರಗೂ ಅಲ್ಲ, ಬಾಗಿಲ ಬಾಯಿ. ಅಮ್ಮಿ ‘ಹೌ’ ಎಂದು ತಲೆ ಹಾಕಿ ಕುರ್‌ಆನನ್ನು ಮಡಿಸಿ ಮೇಲಿಟ್ಟಳು.

ಆಚಾರ್ರು ಬಂದದ್ದು ಆಮೇಲೆ. ಅವರ ತಂದೆಯೇ 1991ರಲ್ಲಿ ಈ ಬಾಗಿಲನ್ನು ಇಲ್ಲಿ ಕೂರಿಸಿದವರು. ಬೆರಳಿನಿಂದ ಗೀರುಗಳನ್ನು ಸವರಿ, ‘ಮರಕ್ಕೆ ಏನೂ ಆಗಿಲ್ಲ ಸಾಬ್ರೇ, ಎರಡು ನೂಲು ಆಳ ಅಷ್ಟೆ’ ಎಂದರು. ನಾನು ಓದಿಕೊಂಡಿದ್ದನ್ನೆಲ್ಲ ಅವರ ಮುಂದಿಟ್ಟೆ. ದಪ್ಪ ಅಲ್ಯೂಮಿನಿಯಂ ತಗಡನ್ನು ಅಂಚು ಮಡಿಸಿ, ತಲೆ ಒಳಗಿಳಿಯುವ ಸ್ಕ್ರೂ ಹಾಕಿ, ಹಿಂದೆ ರಬ್ಬರ್ ಅಂಟಿಸಿ ಕೂರಿಸಿದರೆ ಸದ್ದೂ ಬರುವುದಿಲ್ಲ, ಕಾಲೂ ಕೊಯ್ಯುವುದಿಲ್ಲ. ಪ್ಲೈವುಡ್ ಬಾಗಿಲಾಗಿದ್ದರೆ ಅದೇ ಸಾಕಿತ್ತು ಎಂದರು. ಸನ್‌ಮೈಕ ಬೇಡ, ಅಂಚಿಗೆ ಉಗುರು ಸಿಕ್ಕಿ ಕಿತ್ತು ಬರುತ್ತದೆ. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯೊಂದಿದೆ, ಗಾಜಿನಂತೆ ಒಡೆಯುವುದಿಲ್ಲ, ಕೆತ್ತನೆಯೂ ಕಾಣುತ್ತದೆ ಎಂದೆ. ‘ತೀರಿಹೋದವರ ಫೋಟೋಗೆ ಹಾಕುವ ಹಾಗೆ ನನ್ನ ಬಾಗಿಲಿಗೆ ಗಾಜು ಹಾಕುತ್ತೀಯಾ?’ ಎಂದಳು ಅಮ್ಮಿ. ಅಲ್ಲಿಗೆ ಅದು ಮುಗಿಯಿತು.

‘ಅಮ್ಮಾ, ಮೊದಲೆಲ್ಲ ಅರ್ಧಬಾಗಿಲು ಇರ್ತಿತ್ತಲ್ಲ’ ಎಂದರು ಆಚಾರ್ರು. ಕೋಳಿ, ಮೇಕೆ ಒಳಗೆ ನುಗ್ಗದಂತೆ ದೊಡ್ಡ ಬಾಗಿಲು ತೆರೆದೇ ಇಟ್ಟು ಮುಂದೆ ಸೊಂಟದೆತ್ತರದ ಪಟ್ಟಿ ಬಾಗಿಲು ಹಾಕುತ್ತಿದ್ದರು. ಗಾಳಿ ಬರುತ್ತಿತ್ತು, ಬೀದಿ ಕಾಣುತ್ತಿತ್ತು, ಮೇಕೆ ಬರುತ್ತಿರಲಿಲ್ಲ. ನಾಯಿಗೆ ಅಮ್ಮ ಕಂಡರೆ ಸಾಕಲ್ಲವೇ ಎಂಬುದು ಅವರ ವಾದ. ಬೇವಿನ ಪಟ್ಟಿಗಳಿಂದ ಮೂರೂವರೆ ಅಡಿಯ ಒಂದನ್ನು ಮಾಡಿದರು. ಪಟ್ಟಿಗಳ ನಡುವೆ ನಾಯಿಯ ತಲೆ ತೂರದಷ್ಟು ಸಂದು. ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆಯದೆ, ಎರಡು ಬದಿಗೂ ಬಟ್ಟೆ ಸುತ್ತಿದ ಬೆಣೆ ಕೊಟ್ಟು ಬಿಗಿಯಾಗಿ ಕೂರಿಸಿದರು. ಪಟ್ಟಣದಲ್ಲಿ ಹಸುಗೂಸುಗಳಿಗೆಂದು ಅಂಗಡಿಯಲ್ಲಿ ಮಾರುವ ಗೇಟು ಇದೇ ತತ್ವದ್ದು ಎಂದು ನನಗೆ ನಂತರ ಹೊಳೆಯಿತು.

ಹಾಗಾಗಿ ಈಗ ತೇಗದ ಕದಗಳು ರಾತ್ರಿಯಿಡೀ ಕೋಣೆಯ ಒಳಗೋಡೆಗೆ ಒರಗಿ ತೆರೆದೇ ಇರುತ್ತವೆ, ಉಗುರಿಗೆ ಸಿಗುವುದಿಲ್ಲ. ಅಮ್ಮಿ ಜಾನಮಾಜನ್ನು ದೂರದ ಮೂಲೆಗೆ ಹಾಕಿಕೊಂಡಿದ್ದಾಳೆ. ಬಂಟಿ ಅರ್ಧಬಾಗಿಲಿನ ಈಚೆ ಗೋಣಿಚೀಲದ ಮೇಲೆ ಮಲಗುತ್ತದೆ, ಮುಂಗಾಲುಗಳನ್ನು ಪಟ್ಟಿಯ ಕೆಳಗಿನ ಸಂದಿಯಿಂದ ಹೊಸ್ತಿಲ ಮೇಲೆ ಚಾಚಿ. ಮಗಳು ಕಳಿಸಿದ ತನ್ನ ಹಳೆಯ ದುಪಟ್ಟಾವನ್ನು ಒಗೆಯದೆ ಆ ಚೀಲದ ಮೇಲೆ ಹಾಸಿದ್ದೇವೆ.

ಬಾಗಿಲು ಉಳಿಯಿತು, ಆದರೆ ಹೆದರಿಕೆ ಪೂರ್ತಿ ಹೋಗಿಲ್ಲ. ಅದಕ್ಕೆ ವೈದ್ಯರು ಹೇಳಿದ ಅಭ್ಯಾಸ ನಡೆದಿದೆ. ಅಮ್ಮಿ ದಿನಕ್ಕೆ ನಾಲ್ಕಾರು ಸಲ ಮೊಳೆಯಿಂದ ತಸ್ಬೀಹ್ ತೆಗೆದುಕೊಂಡು ಎಲ್ಲಿಗೂ ಹೋಗದೆ ಪಡಸಾಲೆಯಲ್ಲೇ ಕೂರುತ್ತಾಳೆ. ತಸ್ಬೀಹಿನ ಸದ್ದಿಗೂ ಚಿಲಕಕ್ಕೂ ಇದ್ದ ನಂಟು ಬಿಡಲಿ ಎಂದು. ಆಮೇಲೆ ಕದ ಮುಚ್ಚುವುದು. ಮೊದಲು ಹತ್ತು ಎಣಿಸುವಷ್ಟು, ನಂತರ ಇಪ್ಪತ್ತು, ನಂತರ ಒಂದು ನಿಮಿಷ. ನಾಯಿ ಕೆರೆಯಲು ಶುರುಮಾಡುವ ಮೊದಲೇ ತೆರೆಯಬೇಕು. ಕೆರೆಯಿತೆಂದರೆ ನಾವು ಅವಸರ ಮಾಡಿದೆವು ಎಂದರ್ಥ, ಹಿಂದಿನ ಲೆಕ್ಕಕ್ಕೆ ಮರಳಬೇಕು. ಅಮ್ಮಿ ಕಾಲವನ್ನು ಅಳೆಯುವುದು ತಸ್ಬೀಹಿನ ಮಣಿಗಳಲ್ಲಿ. ಸಂಜೆ ನಾನು ಅದನ್ನು ಕೆರೆಯ ಏರಿಯ ಮೇಲೆ ಒಂದು ಗಂಟೆ ಓಡಾಡಿಸಿ ತರುತ್ತೇನೆ. ಕದ ಮುಚ್ಚುವ ಮೊದಲು ತೆಂಗಿನ ಚಿಪ್ಪಿನೊಳಗೆ ರಾಗಿಮುದ್ದೆ ಮೆತ್ತಿ ಕೊಟ್ಟರೆ ನೆಕ್ಕುತ್ತ ಕೂರುತ್ತದೆ, ನೆಕ್ಕುವಾಗ ಉಸಿರು ತಗ್ಗುತ್ತದೆ. ದೀಪಾವಳಿಯ ರಾತ್ರಿಗಳು ಮಾತ್ರ ಎಲ್ಲವನ್ನೂ ಕೆಡಿಸಿದವು. ಪಟಾಕಿಗೆ ರಾತ್ರಿ ಎಂಟರಿಂದ ಹತ್ತು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ್ದು ನಮ್ಮ ಬೀದಿಗೆ ಇನ್ನೂ ತಲುಪಿಲ್ಲ. ಆ ಮೂರು ರಾತ್ರಿ ಅಮ್ಮಿ ಅರ್ಧಬಾಗಿಲನ್ನೂ ತೆಗೆಸಿದಳು. ಕರಾರಿನ ಬಗ್ಗೆ ನಾನು ನೆನಪಿಸಲಿಲ್ಲ.

ರಜೆಗೆ ಬಂದ ಮಗಳು ಗೀರುಗಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡಳು. ಫೆವಿಕಾಲಿಗೆ ತೇಗದ ಹೊಟ್ಟು ಕಲಸಿ ತುಂಬಿ, ಉಜ್ಜಿ, ಹಸಿರು ಬಣ್ಣವನ್ನೆಲ್ಲ ತೆಗೆದು ಪಾಲಿಶ್ ಹಾಕಿಕೊಡುತ್ತೇನೆ, ಗುರುತೇ ಸಿಗದು ಎಂದು ಆಚಾರ್ರು ಭರವಸೆ ಕೊಟ್ಟಿದ್ದಾರೆ. ‘ದಾದಿ, ಇದೊಂದೇ ನಿಮ್ಮ ತವರಿಂದ ಬಂದದ್ದು, ಅದನ್ನೂ ನಾನು ಹಾಳು ಮಾಡಿಸಿದೆ’ ಎಂದಳು ಮಗಳು. ಅಮ್ಮಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ‘ಪಾಲು ಬಿಟ್ಟುಕೊಟ್ಟರೆ ತವರಿನ ಬಾಗಿಲು ತೆರೆದಿರುತ್ತದೆ ಎಂದು ಎಲ್ಲರೂ ಹೇಳಿದರು. ಬಿಟ್ಟುಕೊಟ್ಟೆ. ಬಾಗಿಲು ನನ್ನ ಮನೆಗೇ ಬಂತು, ಅಲ್ಲಿಗೆ ಹೋಗುವುದು ನಿಂತಿತು’ ಎಂದಳು, ಹೆರಳು ಬಿಗಿಯುತ್ತ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ‘ಇವಳ ಪಾಲನ್ನು ಕಾಗದದ ಮೇಲೆ ಬರೆದಿಡು ಬಾ, ನಾನಿರುವಾಗಲೇ’ ಎಂದಳು. ನನಗೊಬ್ಬ ಮಗನೂ ಇದ್ದಾನೆ, ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ಅವನು ಅಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದ.

ಮುಂದಿನ ತಿಂಗಳು ಪಾವಗಡದಲ್ಲಿ ಹತ್ತಿರದವರ ನಿಕಾಹ್ ಇದೆ. ಅಮ್ಮಿಯೂ ಬರಲೇಬೇಕು, ಬೆಳಿಗ್ಗೆ ಹೋಗಿ ರಾತ್ರಿ ಬರುವ ಪ್ರಯಾಣ. ಅಷ್ಟು ಹೊತ್ತು ಬಂಟಿ ಒಂದೇ ಇರಬೇಕಾಗುತ್ತದೆ, ಇಲ್ಲವೇ ನಮ್ಮಲ್ಲೊಬ್ಬರು ಉಳಿಯಬೇಕಾಗುತ್ತದೆ. ನಿನ್ನೆ ರಾತ್ರಿ ಕದ ಮುಚ್ಚಿ ನಲವತ್ತು ನಿಮಿಷದವರೆಗೆ ಬಂದಿದ್ದೇವೆ.